ರೇಸ್ ಕಾರಿನ ಬ್ಯಾಟರಿ ಕಟ್-ಆಫ್: ಓಡಿ ಬಂದವರ ಕೈಗೆ ಸಿಗಬೇಕಾದ ಸ್ವಿಚ್ಚು

ಕೆಂಗಲ್ ಆಂಜನೇಯನ ಗುಡಿಯ ಮುಂದೆ, ಹಳೇ ಮೈಸೂರು ರಸ್ತೆಯ ಬದಿಯಲ್ಲಿ ಒಂದರ್ಧ ಗಂಟೆ ನಿಂತು ನೋಡಿ. ಟಿಪ್ಪರ್ ನಿಲ್ಲಿಸಿ ಊಟಕ್ಕೆ ಇಳಿಯುವ ಚಾಲಕರಲ್ಲಿ ಕೆಲವರು ಬಾಗಿಲು ಹಾಕಿದ ಮೇಲೂ ನೇರ ಹೋಟೆಲಿಗೆ ಹೋಗುವುದಿಲ್ಲ. ಬ್ಯಾಟರಿ ಪೆಟ್ಟಿಗೆಯ ಪಕ್ಕ ಕೈಹಾಕಿ ಒಂದು ಕೆಂಪು ಕೀ ತಿರುಗಿಸಿ ಹೋಗುತ್ತಾರೆ. ಅದೇ ಬ್ಯಾಟರಿ ಕಟ್-ಆಫ್ ಸ್ವಿಚ್. ಬ್ಯಾಟರಿಗೂ ಗಾಡಿಗೂ ಇರುವ ವಿದ್ಯುತ್ ಸಂಬಂಧವನ್ನು ಒಂದೇ ಕಡೆ ಕಡಿಯುವ ದಪ್ಪ ಸ್ವಿಚ್ಚು. ರಾತ್ರಿ ನಿಂತ ಗಾಡಿಯ ಬ್ಯಾಟರಿ ಇಳಿಯದಿರಲಿ, ವೈರು ಸುಡದಿರಲಿ ಎಂದು ಹಾಕಿರುತ್ತಾರೆ.

ನಮ್ಮ ಬೀದಿಯಲ್ಲಿ ಇಬ್ಬರು ಹುಡುಗರು ಒಂದು ಹಳೇ ಮಾರುತಿ ಎಸ್ಟೀಮ್ ತಂದು ರ‍್ಯಾಲಿಗೆ ತಯಾರು ಮಾಡುತ್ತಿದ್ದಾರೆ. ಹಿಂದಿನ ಸೀಟು ಕಿತ್ತು, ಒಳಗೆ ಕಬ್ಬಿಣದ ಪೈಪಿನ ಪಂಜರ ಕೂರಿಸಿದ್ದಾರೆ. ಇದಕ್ಕೆ ರೋಲ್ ಕೇಜ್ ಎನ್ನುತ್ತಾರೆ. ಕಾರು ಪಲ್ಟಿಯಾದರೆ ಮಾಡು ಅಪ್ಪಚ್ಚಿಯಾಗದಂತೆ ತಡೆಯುವುದು ಇದರ ಕೆಲಸ. ಮೊನ್ನೆ ಬಂದು ಕೇಳಿದರು: "ಅಣ್ಣ, ಕಟ್-ಆಫ್ ಸ್ವಿಚ್ ಕಡ್ಡಾಯ ಅಂತೆ. ಟಿಪ್ಪರ್‌ದೇ ಒಂದು ತಂದು ಹಾಕಿದ್ರೆ ಆಗಲ್ವಾ?"

ಆಗಲ್ಲಪ್ಪ. ಯಾಕೆ ಆಗಲ್ಲ ಅನ್ನೋದು ತಿಳಿದರೆ ಈ ಸ್ವಿಚ್ಚಿನ ಮುಕ್ಕಾಲು ಪಾಲು ವಿಷಯ ತಿಳಿದಂತೆ.

ಮೊದಲು ಅಪಾಯ ಎಲ್ಲಿದೆ ನೋಡೋಣ. ಕಾರಿನ ಬ್ಯಾಟರಿ 12 ವೋಲ್ಟ್. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಹಾಗಾಗಿ ಅದರ ಬಗ್ಗೆ ನಮಗೆ ಅಷ್ಟು ಭಯವಿಲ್ಲ. ಆದರೆ ಪ್ಲಸ್ಸು ಮೈನಸ್ಸು ನೇರ ಸೇರಿದರೆ ಅದೇ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಕೈ ಜಾರಿದ ಹತ್ತರ ಸ್ಪ್ಯಾನರ್ ಪ್ಲಸ್ ಟರ್ಮಿನಲ್ಲಿಗೂ ಬಾಡಿಗೂ ಅಡ್ಡ ಬಿದ್ದಾಗ ಏಳುವ ಕಿಡಿಯನ್ನು ಒಮ್ಮೆ ಕಂಡವರು ಆಮೇಲೆ ಉಂಗುರ ಬಿಚ್ಚಿಟ್ಟೇ ಬಾನೆಟ್ ಎತ್ತುತ್ತಾರೆ. ಕಾರಿನಲ್ಲಿ ಇಡೀ ಬಾಡಿಯೇ ಮೈನಸ್ ವೈರು. ಅಂದರೆ ಅಪಘಾತದಲ್ಲಿ ತಗಡು ಮಡಚಿ ಪ್ಲಸ್ ಕೇಬಲ್ಲಿನ ಸಿಪ್ಪೆ ಎಲ್ಲೇ ಹರಿದರೂ ಅಲ್ಲೇ ಕಿಡಿ. ಅದೇ ಏಟಿಗೆ ಪೆಟ್ರೋಲ್ ಪೈಪು ಬಿರಿದಿದ್ದರೆ ಮುಂದಿನದನ್ನು ಹೇಳಬೇಕಿಲ್ಲ.

ಊರಿನ ರಸ್ತೆಯ ಕಾರಿಗೂ ಈ ಅಪಾಯ ಇದ್ದೇ ಇದೆ. ಆದರೆ ರೇಸ್ ಕಾರಿನಲ್ಲಿ ಇನ್ನೊಂದು ತೊಡಕು ಇದೆ. ಚಾಲಕ ಐದಾರು ಪಟ್ಟಿಯ ಬೆಲ್ಟಿನಲ್ಲಿ ಬಿಗಿದುಕೊಂಡು ಕೂತಿರುತ್ತಾನೆ. ಕಾರು ಮಗುಚಿ ಬಿದ್ದರೆ ತಲೆಕೆಳಗಾಗಿ ನೇತಾಡುತ್ತಿರುತ್ತಾನೆ, ಕೆಲವೊಮ್ಮೆ ಪ್ರಜ್ಞೆಯೂ ಇರುವುದಿಲ್ಲ. ಆಗ ಓಡಿ ಬರುವವನು ಮಾರ್ಷಲ್, ಅಂದರೆ ಟ್ರ್ಯಾಕಿನ ಪಕ್ಕದಲ್ಲಿ ಕಾವಲು ನಿಂತ ಸ್ವಯಂಸೇವಕ. ಆ ಕಾರನ್ನು ಅವನು ಹಿಂದೆಂದೂ ನೋಡಿರುವುದಿಲ್ಲ. ಕೀ ಎಲ್ಲಿದೆ, ಬ್ಯಾಟರಿ ಎಲ್ಲಿದೆ ಎಂದು ಹುಡುಕುತ್ತಾ ಕೂರಲು ಅವನಿಗೆ ಸಮಯವಿಲ್ಲ. ಈ ಸ್ವಿಚ್ಚು ನಿಮ್ಮ ಅನುಕೂಲಕ್ಕೆ ಅಲ್ಲ, ಅವನಿಗೆ. ಎಲ್ಲಿ ಕೂರಿಸಬೇಕು, ಹೇಗೆ ಜೋಡಿಸಬೇಕು ಎಂಬ ಪ್ರಶ್ನೆ ಬಂದಾಗೆಲ್ಲ ಅವನನ್ನೇ ನೆನೆಸಿಕೊಳ್ಳಿ.

ನಿಯಮ ಹೇಳುವುದೂ ಇದನ್ನೇ. ಮೋಟಾರ್ ಕ್ರೀಡೆಯ ಜಾಗತಿಕ ಸಂಸ್ಥೆ ಎಫ್‌ಐಎ. ಅದರ ನಿಯಮಾವಳಿಯ ಅನುಬಂಧ 'ಜೆ'ಯ 253ನೇ ವಿಧಿಯಲ್ಲಿ ಸುರಕ್ಷತೆಯ ಸಾಮಾನುಗಳ ಪಟ್ಟಿಯಿದೆ. ನಮ್ಮಲ್ಲಿ ಈ ಕ್ರೀಡೆಯನ್ನು ನೋಡಿಕೊಳ್ಳುವುದು ಎಫ್‌ಎಂಎಸ್‌ಸಿಐ, ಅಂದರೆ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬುಗಳ ಒಕ್ಕೂಟ. ಎಫ್‌ಐಎ ಬರೆದದ್ದರ ತಿರುಳು ಇಷ್ಟು: ಸ್ವಿಚ್ಚು ಬ್ಯಾಟರಿ, ಆಲ್ಟರ್ನೇಟರ್, ದೀಪ, ಹಾರ್ನ್, ಇಗ್ನಿಷನ್ ಎಲ್ಲವನ್ನೂ ಕಡಿಯಬೇಕು. ಎಂಜಿನ್ನೂ ನಿಲ್ಲಬೇಕು. ತಿರುಗಿಸಿದಾಗ ಹೊರಗೆ ಕಿಡಿ ಹಾರದಂಥ ಮಾದರಿಯಾಗಿರಬೇಕು. ಒಳಗಿನಿಂದಲೂ ಹೊರಗಿನಿಂದಲೂ ಕೈಗೆ ಸಿಗಬೇಕು. ಮುಚ್ಚಿದ ಕಾರಾದರೆ ಹೊರಗಿನ ಹಿಡಿ ಮುಂದಿನ ಗಾಜಿನ ಕೆಳತುದಿಯಲ್ಲೇ ಇರಬೇಕು. ಅಲ್ಲಿ ಬಿಳಿ ಅಂಚಿನ ನೀಲಿ ತ್ರಿಕೋನ, ನಡುವೆ ಕೆಂಪು ಮಿಂಚಿನ ಗುರುತು. ತ್ರಿಕೋನದ ತಳ ಕನಿಷ್ಠ 12 ಸೆಂಟಿಮೀಟರ್.

ಟಿಪ್ಪರ್ ಸ್ವಿಚ್ಚು ಸಾಲದು ಎಂದದ್ದು "ಎಂಜಿನ್ನೂ ನಿಲ್ಲಬೇಕು" ಎಂಬ ಆ ಒಂದು ಮಾತಿಗಾಗಿ.

ಕಾರು ಓಡುವಾಗ ವಿದ್ಯುತ್ ಕೊಡುತ್ತಿರುವುದು ಬ್ಯಾಟರಿ ಅಲ್ಲ, ಆಲ್ಟರ್ನೇಟರ್. ಎಂಜಿನ್ನಿನ ಬೆಲ್ಟಿನಿಂದ ತಿರುಗಿ ಕರೆಂಟ್ ಹುಟ್ಟಿಸುವ ಯಂತ್ರ ಇದು. ಗ್ಯಾರೇಜಿನಲ್ಲಿ ಇಂದಿಗೂ ಇದನ್ನು 'ಡೈನಮೋ' ಎನ್ನುವವರಿದ್ದಾರೆ. ಬ್ಯಾಟರಿಯ ದೊಡ್ಡ ಕೆಲಸ ಸೆಲ್ಫ್ ಹೊಡೆಯುವುದು, ಅಂದರೆ ಸ್ಟಾರ್ಟರ್ ಮೋಟರ್ ತಿರುಗಿಸುವುದು. ಎಂಜಿನ್ ಒಮ್ಮೆ ಹೊತ್ತಿಕೊಂಡ ಮೇಲೆ ನೀವು ಬ್ಯಾಟರಿಯನ್ನಷ್ಟೇ ಕಡಿದರೆ, ಆಲ್ಟರ್ನೇಟರ್ ತಾನು ಹುಟ್ಟಿಸಿದ್ದನ್ನು ತಾನೇ ಇಗ್ನಿಷನ್ನಿಗೆ ಉಣಿಸುತ್ತದೆ. ಎಂಜಿನ್ ಓಡುತ್ತಲೇ ಇರುತ್ತದೆ. ಪೆಟ್ರೋಲ್ ಪಂಪೂ ನಿಲ್ಲುವುದಿಲ್ಲ. ಮಾರ್ಷಲ್ ಸ್ವಿಚ್ಚು ತಿರುಗಿಸಿದ್ದೂ ದಂಡ. ನಿಂತ ಟಿಪ್ಪರಿನಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

"ಮೈನಸ್ ಕಡೆ ಹಾಕಿದ್ರೆ ಎಲ್ಲಾ ಆಫ್ ಆಗ್ಬೇಕಲ್ಲ?" ಎಂದು ಕೇಳುವವರಿದ್ದಾರೆ. ಅದೂ ಇಲ್ಲ. ಆಲ್ಟರ್ನೇಟರಿನ ಮೈಯೇ ಎಂಜಿನ್ನಿಗೆ ಅಂಟಿಕೊಂಡಿದೆ, ಎಂಜಿನ್ ಬಾಡಿಗೆ. ಅದಕ್ಕೆ ಬ್ಯಾಟರಿಯ ಮೈನಸ್ ಹಂಗಿಲ್ಲ.

ಇನ್ನೊಂದು ತಾಪತ್ರಯವಿದೆ. ಆಲ್ಟರ್ನೇಟರ್ ಜೋರಾಗಿ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿಯನ್ನು ಹಠಾತ್ತನೆ ಕಿತ್ತರೆ, ಆ ಕರೆಂಟಿಗೆ ಹೋಗಲು ಜಾಗವಿಲ್ಲದೆ ವೋಲ್ಟೇಜ್ ಒಮ್ಮೆಲೇ ನೆಗೆಯುತ್ತದೆ. ತುಂಬಿ ಹರಿಯುವ ನಲ್ಲಿಯನ್ನು ಫಟ್ಟನೆ ಮುಚ್ಚಿದಾಗ ಪೈಪು ದಢ್ ಎಂದು ಬಡಿದುಕೊಳ್ಳುತ್ತದಲ್ಲ, ಹಾಗೆ. ಇದಕ್ಕೆ ಲೋಡ್ ಡಂಪ್ ಎಂದು ಹೆಸರು. 14 ವೋಲ್ಟ್ ಇರಬೇಕಾದಲ್ಲಿ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ಹತ್ತಾರು ವೋಲ್ಟ್ ಏರಿಬಿಡಬಹುದು. ಆಲ್ಟರ್ನೇಟರಿನ ಡಯೋಡ್ ಸುಡಬಹುದು. ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಹೋಗಬಹುದು.

ಈ ಎರಡಕ್ಕೂ ಉತ್ತರ ಆರು ಟರ್ಮಿನಲ್ಲಿನ ಸ್ವಿಚ್ಚು. ಅಂಗಡಿಯಲ್ಲಿ 'ಸಿಕ್ಸ್ ಪೋಲ್' ಎಂದು ಕೇಳಿ. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಎರಡು ದಪ್ಪ ಬೋಲ್ಟು, ನಾಲ್ಕು ಸಣ್ಣ ಪಿನ್ನು. ದಪ್ಪ ಬೋಲ್ಟುಗಳದು ಮುಖ್ಯ ದಾರಿ: ಒಂದಕ್ಕೆ ಬ್ಯಾಟರಿಯ ಪ್ಲಸ್, ಇನ್ನೊಂದಕ್ಕೆ ಇಡೀ ಗಾಡಿ. ಸಣ್ಣ ಪಿನ್ನುಗಳಲ್ಲಿ ಒಂದು ಜೋಡಿಗೆ ಸಾಮಾನ್ಯವಾಗಿ 'ಡಬ್ಲ್ಯು' ಎಂದು ಗುರುತು. ಸ್ವಿಚ್ ಆನ್ ಇದ್ದಾಗ ಈ ಜೋಡಿ ಕೂಡಿಕೊಂಡಿರುತ್ತದೆ, ಆಫ್ ಮಾಡಿದರೆ ಬಿಡುತ್ತದೆ. ಇಗ್ನಿಷನ್ ವೈರನ್ನು ಇದರ ಮೂಲಕ ಹಾಯಿಸಿದರೆ ಎಂಜಿನ್ ಸಾಯುತ್ತದೆ. ಇನ್ನೊಂದು ಜೋಡಿ 'ಝೆಡ್'. ಇದರದು ಉಲ್ಟಾ ಸ್ವಭಾವ: ಆಫ್ ಆದಾಗ ಕೂಡಿಕೊಳ್ಳುತ್ತದೆ. ಆಲ್ಟರ್ನೇಟರಿನ ಉಳಿದ ಕರೆಂಟನ್ನು ಒಂದು ರೆಸಿಸ್ಟರ್ ಮೂಲಕ ಅರ್ತಿಗೆ, ಅಂದರೆ ಬಾಡಿಗೆ, ಇಳಿಸುವುದು ಇದರ ಕೆಲಸ. ರೆಸಿಸ್ಟರ್ ಅಂದರೆ ಕರೆಂಟನ್ನು ತಡೆದು ಶಾಖವಾಗಿ ಕಳೆಯುವ ಪುಟ್ಟ ಪಿಂಗಾಣಿ ತುಂಡು. ಸ್ವಿಚ್ಚಿನ ಜೊತೆಗೇ ಡಬ್ಬದಲ್ಲಿ ಬರುತ್ತದೆ, ಸಾಮಾನ್ಯವಾಗಿ 3 ಓಮ್, 11 ವಾಟ್.

ಈ ತುಂಡಿನ ವಿಷಯದಲ್ಲಿ ನಾನು ಒಮ್ಮೆ ಮಾಡಿದ ಎಡವಟ್ಟನ್ನು ಹೇಳಿಬಿಡುತ್ತೇನೆ. 'ಝೆಡ್' ಪಿನ್ನನ್ನು ಗಾಡಿಯ ಕಡೆಯ ದಪ್ಪ ಬೋಲ್ಟಿಗೆ ಕೊಡುವ ಬದಲು ಬ್ಯಾಟರಿಯ ಕಡೆಯದಕ್ಕೆ ಕೊಟ್ಟುಬಿಟ್ಟಿದ್ದೆ. ಕಾರು ಚೆನ್ನಾಗಿಯೇ ಓಡಿತು. ಸಂಜೆ ನಿಲ್ಲಿಸಿ, ಜವಾಬ್ದಾರಿಯಿಂದ ಕಟ್-ಆಫ್ ತಿರುಗಿಸಿ ಮನೆಗೆ ಹೋದೆ. ಆಫ್ ಆದ ಕ್ಷಣದಿಂದ ಬ್ಯಾಟರಿ ನೇರವಾಗಿ ರೆಸಿಸ್ಟರಿಗೆ ಸುರಿಯತೊಡಗಿತು. 12 ವೋಲ್ಟನ್ನು 3 ಓಮಿನಿಂದ ಭಾಗಿಸಿ, 4 ಆಂಪಿಯರ್. ಶಾಖದ ಲೆಕ್ಕದಲ್ಲಿ 48 ವಾಟ್. ತಾಳುವ ಶಕ್ತಿ 11 ವಾಟ್. ಬೆಳಿಗ್ಗೆ ನೋಡಿದರೆ ಬ್ಯಾಟರಿ ಸತ್ತಿತ್ತು, ಪಕ್ಕದ ಎರಡು ವೈರುಗಳ ಸಿಪ್ಪೆ ಬೆಲ್ಲದ ಪಾಕದಂತೆ ಇಳಿದು ಗಟ್ಟಿಯಾಗಿತ್ತು. ಬೆಂಕಿ ತಪ್ಪಿಸಲು ತಂದ ಸಾಮಾನಿನಿಂದಲೇ ಬೆಂಕಿ ಹಚ್ಚಲು ಹೊರಟಿದ್ದೆ. ಸರಿಯಾಗಿ ಜೋಡಿಸಿದ್ದರೆ ಆ 4 ಆಂಪಿಯರ್ ಹರಿಯುವುದು ಎಂಜಿನ್ ತಿರುಗಿ ನಿಲ್ಲುವಷ್ಟು ಹೊತ್ತು ಮಾತ್ರ. 11 ವಾಟ್ ಸಾಕಾಗುವುದು ಅದಕ್ಕೇ.

ಇನ್ನು, ಪಿನ್ನಿನ ಗುರುತಿನ ಅಕ್ಷರವನ್ನೇ ನಂಬಬೇಡಿ. ಕೆಲವು ಅಗ್ಗದ ಸ್ವಿಚ್ಚುಗಳಲ್ಲಿ ಅಕ್ಷರವೇ ಇರುವುದಿಲ್ಲ. ಮಲ್ಟಿಮೀಟರನ್ನು ಬೀಪ್ ಶಬ್ದ ಬರುವ ಸ್ಥಾನಕ್ಕಿಟ್ಟು, ಕೀ ಆನ್-ಆಫ್ ಮಾಡುತ್ತಾ ಯಾವ ಜೋಡಿ ಯಾವಾಗ ಕೂಡುತ್ತದೆ ಎಂದು ನೋಡಿ, ಸ್ಕೆಚ್ ಪೆನ್ನಿನಲ್ಲಿ ಬರೆದುಕೊಳ್ಳಿ. ಐದು ನಿಮಿಷದ ಕೆಲಸ.

ಈಗ ಜೋಡಣೆ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಮೈನಸ್ಸೇ ಮೊದಲು, ಪ್ಲಸ್ ಆಮೇಲೆ. ಮೈನಸ್ ಬಿಚ್ಚಿದ ಮೇಲೆ ಸ್ಪ್ಯಾನರ್ ಎಲ್ಲಿ ತಾಗಿದರೂ ಕಿಡಿಯಿಲ್ಲ.

ಸ್ವಿಚ್ಚಿನ ಜಾಗ ಆರಿಸುವಾಗ ಆತುರ ಬೇಡ. ಬೆಲ್ಟ್ ಬಿಗಿದು ಸೀಟಿನಲ್ಲಿ ಕೂತು ಕೈ ಚಾಚಿ. ಚಾಲಕನಿಗೂ ಪಕ್ಕದ ನ್ಯಾವಿಗೇಟರಿಗೂ, ಅಂದರೆ ದಾರಿಯ ಟಿಪ್ಪಣಿ ಓದಿ ಹೇಳುವವನಿಗೂ, ಎಟುಕಿದರೆ ಒಳ್ಳೆಯದು. ಆದರೆ ಹಳ್ಳಕ್ಕೆ ಬಿದ್ದಾಗ ಮೊಣಕಾಲು ಬಡಿದು ತಾನೇ ಆಫ್ ಆಗುವಂತಿರಬಾರದು. ಓಡುವ ಕಾರಿನ ಎಂಜಿನ್ ಸತ್ತರೆ ಪವರ್ ಸ್ಟೀರಿಂಗ್ ಕಲ್ಲಾಗುತ್ತದೆ, ಬ್ರೇಕಿನ ಸಹಾಯವೂ ಬೇಗ ಮುಗಿಯುತ್ತದೆ.

ಬ್ಯಾಟರಿಯ ಪ್ಲಸ್ಸಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಸೆಲ್ಫ್ ಮೋಟರಿಗೆ ದಪ್ಪ ಕೇಬಲ್ ಬೇಕು. ಇಲ್ಲಿ ಜಿಪುಣತನ ಬೇಡ. ಸೆಲ್ಫ್ ಹೊಡೆಯುವಾಗ 200 ಆಂಪಿಯರ್ ಎಳೆಯಿತು ಅನ್ನಿ. 2 ಮೀಟರ್ ಉದ್ದದ 25 ಚದರ ಮಿಲಿಮೀಟರ್ ತಾಮ್ರದ ಕೇಬಲ್ಲಿನಲ್ಲಿ ಸುಮಾರು 0.28 ವೋಲ್ಟ್ ಸೋರುತ್ತದೆ. 10 ಚದರ ಮಿಲಿಮೀಟರಿನದಾದರೆ 0.7 ವೋಲ್ಟ್. ಬೆಳಗಿನ ಚಳಿಯಲ್ಲಿ ಸೆಲ್ಫ್ ಗೊರಗೊರ ಎನ್ನುವುದು ಹೀಗೆ. ವೆಲ್ಡಿಂಗ್ ಕೇಬಲ್ ಬಳುಕುತ್ತದೆ, ತಿರುವುಗಳಲ್ಲಿ ಸುಲಭ. ತುದಿಗೆ ಹಾಕುವ ತಾಮ್ರದ ಉಂಗುರಕ್ಕೆ ಲಗ್ ಎನ್ನುತ್ತಾರೆ. ಅದನ್ನು ಸುತ್ತಿಗೆಯಲ್ಲಿ ಕುಟ್ಟಿ ಕೂರಿಸಬೇಡಿ. ಕ್ರಿಂಪಿಂಗ್ ಟೂಲ್, ಅಂದರೆ ಒತ್ತುವ ಇಕ್ಕಳ ಇರುವ ಎಲೆಕ್ಟ್ರಿಷಿಯನ್ ಹತ್ತಿರ ಒತ್ತಿಸಿ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನಲ್ಲಿ ತೂತು ಕೊರೆದಲ್ಲಿ ಗ್ರಾಮೆಟ್, ಅಂದರೆ ತೂತಿನ ಅಂಚಿಗೆ ಕೂರಿಸುವ ರಬ್ಬರ್ ಬಳೆ, ಕಡ್ಡಾಯ. ಇಲ್ಲದಿದ್ದರೆ ತಗಡಿನ ಅಂಚೇ ದಿನಾ ಒಂದಿಷ್ಟು ಸಿಪ್ಪೆ ತಿನ್ನುತ್ತದೆ. ಬ್ಯಾಟರಿಯಿಂದ ಸ್ವಿಚ್ಚಿನವರೆಗಿನ ತುಂಡು ಸದಾ ಜೀವಂತ, ಸ್ವಿಚ್ಚಿನಿಂದ ಅದನ್ನು ಕೊಲ್ಲಲಾಗುವುದಿಲ್ಲ. ಆದಷ್ಟು ಗಿಡ್ಡ ಇರಲಿ, ಮೇಲೊಂದು ಕವಚ ಇರಲಿ.

ಆಲ್ಟರ್ನೇಟರಿನ ದಪ್ಪ ವೈರು ಗಾಡಿಯ ಕಡೆಯ ಬೋಲ್ಟಿಗೇ ಬರಬೇಕು. ಅದನ್ನು ನೇರ ಬ್ಯಾಟರಿಗೆ ಕೊಟ್ಟು ಕೈತೊಳೆದುಕೊಳ್ಳುವವರಿದ್ದಾರೆ. ಹಾಗೆ ಮಾಡಿದರೆ ಲೋಡ್ ಡಂಪ್ ತೊಂದರೆ ಇಲ್ಲ ನಿಜ. ಆದರೆ ಸ್ವಿಚ್ ಆಫ್ ಆದ ಮೇಲೂ ಎಂಜಿನ್ನಿನ ಮೂತಿಯವರೆಗೆ ಒಂದು ಜೀವಂತ ಪ್ಲಸ್ ವೈರು ಓಡಾಡುತ್ತಿರುತ್ತದೆ. ಮುಂದಿನಿಂದ ಗುದ್ದಿದಾಗ ಮೊದಲು ಜಜ್ಜಿಹೋಗುವ ಜಾಗವೇ ಅದು.

ಇಗ್ನಿಷನ್ ವೈರು ಯಾವುದು? ಕಾರ್ಬುರೇಟರಿನ ಹಳೇ ಕಾರಿನಲ್ಲಿ ಇಗ್ನಿಷನ್ ಕಾಯಿಲಿಗೆ ಹೋಗುವ ಪ್ಲಸ್ ವೈರು. ಎಂಪಿಎಫ್‌ಐ ಕಾರಿನಲ್ಲಿ, ಅಂದರೆ ಕಂಪ್ಯೂಟರ್ ಪೆಟ್ರೋಲ್ ಚಿಮ್ಮಿಸುವ ಕಾರಿನಲ್ಲಿ, ಕೀಯಿಂದ ಇಸಿಯುಗೆ ಹೋಗುವ ವೈರು. ಸಣ್ಣ ಪಿನ್ನುಗಳು ಹೆಚ್ಚು ಆಂಪಿಯರ್ ತಾಳುವುದಿಲ್ಲ. ಎಷ್ಟು ತಾಳುತ್ತವೆ ಎಂದು ಡಬ್ಬದ ಮೇಲೆ ಬರೆದಿರುತ್ತದೆ, ಓದಿ.

ಹೊರಗಿನ ಹಿಡಿಗೆ ಉಕ್ಕಿನ ಎಳೆಯುವ ಕೇಬಲ್ ಬರುತ್ತದೆ. ಸ್ಕೂಟರಿನ ಕ್ಲಚ್ ಕೇಬಲ್ಲಿನ ತತ್ವವೇ. ಸ್ವಿಚ್ಚಿನ ಕೀ ಜಾಗದಲ್ಲಿ ಒಂದು ಸನ್ನೆ ಕೂರಿಸಿ, ಎಳೆದರೆ ಅದು ತಿರುಗುವಂತೆ ಮಾಡಿರುತ್ತಾರೆ. ಹೊರಕವಚವನ್ನು ಎರಡೂ ತುದಿಯಲ್ಲಿ ಗಟ್ಟಿಯಾಗಿ ಕಚ್ಚಿಸಬೇಕು. ಇಲ್ಲದಿದ್ದರೆ ಎಳೆದಾಗ ಕವಚ ಬಾಗುತ್ತದೆಯೇ ಹೊರತು ಸ್ವಿಚ್ಚು ತಿರುಗುವುದಿಲ್ಲ. ನಮ್ಮ ಕಡೆಯ ಕೆಂಪು ಧೂಳು ಒಂದೇ ದಿನದಲ್ಲಿ ಕೇಬಲ್ಲಿನೊಳಗೆ ಹೊಕ್ಕುಬಿಡುತ್ತದೆ. ಪ್ರತಿ ರ‍್ಯಾಲಿಗೂ ಮುಂಚೆ ಎಳೆದು ನೋಡಿ, ನಾಲ್ಕು ಹನಿ ಎಣ್ಣೆ ಬಿಡಿ.

ಮೈಸೂರು ರಸ್ತೆಯಲ್ಲಿ ಬೆಂಗಳೂರಿನ ಕಡೆ ಹೋದರೆ ಆರ್.ವಿ. ಇಂಜಿನಿಯರಿಂಗ್ ಕಾಲೇಜು ಸಿಗುತ್ತದಲ್ಲ, ಅಲ್ಲಿನ ಅಶ್ವ ರೇಸಿಂಗ್ ತಂಡದ ವಿದ್ಯಾರ್ಥಿಗಳು ತಾವೇ ರೇಸ್ ಕಾರು ಕಟ್ಟುತ್ತಾರೆ. ಇಂಥ ತಂಡಗಳು ಸೆಣಸುವ ಫಾರ್ಮುಲಾ ಭಾರತ್ ಸ್ಪರ್ಧೆ ನಡೆಯುವುದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ. ಈ ಬಗೆಯ ವಿದ್ಯಾರ್ಥಿ ಕಾರುಗಳಿಗೆ ಮಾಡೂ ಇಲ್ಲ, ಗಾಜೂ ಇಲ್ಲ. ಹಾಗಾಗಿ ಸ್ವಿಚ್ಚು ಬಲಬದಿಯಲ್ಲಿ, ಚಾಲಕನ ಭುಜದ ಎತ್ತರಕ್ಕೆ. ಹಿಡಿ ಕೆಂಪಗಿದ್ದು ಕಳಚಿಕೊಳ್ಳುವಂತಿರಬೇಕು. ನನಗೆ ಬಹಳ ಹಿಡಿಸಿದ ನಿಯಮ ಇನ್ನೊಂದು: ಸ್ವಿಚ್ಚು ನೇರವಾಗಿಯೇ ಕಡಿಯಬೇಕು, ನಡುವೆ ರಿಲೇ ಇರಕೂಡದು. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆಳುವ ಡಬ್ಬಿ. ಅದರೊಳಗಿನ ತುಟಿಗಳು ಕಾದು ಅಂಟಿಕೊಂಡರೆ ಹೊರಗೆ ಸ್ವಿಚ್ ಆಫ್, ಒಳಗೆ ಆನ್!

ಡೀಸೆಲ್ ಕಾರಿನವರಿಗೆ ಒಂದು ಮಾತು. ಹಳೇ ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡ. ವಿದ್ಯುತ್ ಕಡಿದರೂ ಓಡುತ್ತದೆ. ಹಳೇ ಟ್ರ್ಯಾಕ್ಟರ್ ನಿಲ್ಲಿಸಲು ಒಂದು ಗುಬ್ಬಿ ಎಳೆಯುತ್ತೇವಲ್ಲ, ಅದಕ್ಕೇ. ಎಲೆಕ್ಟ್ರಾನಿಕ್ ಇಂಜೆಕ್ಟರ್ ಇಲ್ಲದ ಡೀಸೆಲ್ ರೇಸ್ ಗಾಡಿಯಲ್ಲಿ ಕಟ್-ಆಫ್ ಜೊತೆಗೆ ಎಂಜಿನ್ನಿನ ಉಸಿರು ಕಟ್ಟಿಸುವ, ಗಾಳಿ ಒಳಹೋಗದಂತೆ ತಡೆಯುವ ಸಾಧನವನ್ನೂ ಹೆಣೆಯಬೇಕು ಎನ್ನುತ್ತದೆ ಎಫ್‌ಐಎ. ಇನ್ನು ಎಲೆಕ್ಟ್ರಿಕ್ ಕಾರಿನ ನೂರಾರು ವೋಲ್ಟಿನ ಬ್ಯಾಟರಿಗೆ ಈ ಲೇಖನ ನೋಡಿ ಕೈಹಾಕಬೇಡಿ, ಅದರ ಶಾಸ್ತ್ರವೇ ಬೇರೆ.

"ಎಲ್ಲಾ ಆಫ್ ಆದ್ರೆ ಬೆಂಕಿ ಆರಿಸೋ ಸಿಲಿಂಡರ್ ಗತಿ?" ಹುಡುಗರಲ್ಲೊಬ್ಬ ಕೇಳಿದ ಒಳ್ಳೆಯ ಪ್ರಶ್ನೆ. ಕಾರಿಗೆ ಜೋಡಿಸಿದ ಅಗ್ನಿಶಾಮಕಕ್ಕೆ ತನ್ನದೇ ಪ್ರತ್ಯೇಕ ಶಕ್ತಿಮೂಲ ಇರಬೇಕು, ಕಟ್-ಆಫ್ ಹಂಗಿನಲ್ಲಿ ಅದು ಇರಕೂಡದು. ಅದರ ಹೊರಗಿನ ಹಿಡಿಯೂ ಕಟ್-ಆಫ್ ಹಿಡಿಯ ಹತ್ತಿರವೇ ಇರುತ್ತದೆ. ಕೆಂಪು ಅಂಚಿನ ಬಿಳಿ ವೃತ್ತದಲ್ಲಿ ಇಂಗ್ಲಿಷಿನ ಕೆಂಪು 'ಇ' ಅಕ್ಷರ ಅದರ ಗುರುತು.

ಖರ್ಚಿನ ವಿಷಯ. ಟಿಪ್ಪರ್ ಬಗೆಯ ಎರಡು ಬೋಲ್ಟಿನ ಸ್ವಿಚ್ಚು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆರು ಟರ್ಮಿನಲ್ಲಿನದು, ರೆಸಿಸ್ಟರ್ ಸಮೇತ, ಸಾಧಾರಣ ಮಾಲಾದರೆ ಒಂದೆರಡು ಸಾವಿರ, ಹೆಸರುವಾಸಿ ವಿದೇಶಿ ಕಂಪನಿಯದಾದರೆ ಅದರ ಎರಡು ಮೂರು ಪಟ್ಟು. ಎಳೆಯುವ ಕೇಬಲ್, ತಾಮ್ರದ ಕೇಬಲ್, ಲಗ್ಗು, ಕೂಲಿ ಸೇರಿಸಿ ಇನ್ನೂ ಒಂದೆರಡು ಸಾವಿರ ಇಟ್ಟುಕೊಳ್ಳಿ. ತಾಮ್ರದ ದರ ಏರಿಳಿದಂತೆ ಇದೂ ಏರಿಳಿಯುತ್ತದೆ. ಎಲೆಕ್ಟ್ರಾನಿಕ್ ಕಟ್-ಆಫ್ ಎಂಬುದೂ ಬಂದಿದೆ. ಅದರಲ್ಲಿ ತಿರುಗುವ ಭಾಗವಿಲ್ಲ, ಒಳಗೊಂದು ಹೊರಗೊಂದು ಬಟನ್ ಒತ್ತಿದರಾಯಿತು, ದಪ್ಪ ಕೇಬಲ್ ಕ್ಯಾಬಿನ್ನಿಗೆ ತರುವ ಗೋಜೂ ಇಲ್ಲ. ಆದರೆ ಬೆಲೆ ಹತ್ತಾರು ಸಾವಿರ. ಮೊದಲ ರ‍್ಯಾಲಿಗೆ ಹೊರಟ ಎಸ್ಟೀಮಿಗೆ ಅದು ಬೇಡ ಎಂದೇ ನನ್ನ ಸಲಹೆ. ಆ ದುಡ್ಡಿನಲ್ಲಿ ಒಳ್ಳೆಯ ಹೆಲ್ಮೆಟ್ ತಗೊಳ್ಳಿ.

ಕೇಬಲ್, ಲಗ್ಗು, ಗ್ರಾಮೆಟ್ ರಾಮನಗರ, ಚನ್ನಪಟ್ಟಣದ ಆಟೋ ಎಲೆಕ್ಟ್ರಿಕಲ್ ಅಂಗಡಿಗಳಲ್ಲೇ ಸಿಗುತ್ತವೆ. ಆರು ಟರ್ಮಿನಲ್ಲಿನ ಸ್ವಿಚ್ಚಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಇಲ್ಲವೇ ಮೋಟಾರ್‌ಸ್ಪೋರ್ಟ್ ಸಾಮಾನು ಮಾರುವವರಿಂದ ಆನ್‌ಲೈನಿನಲ್ಲಿ ತರಿಸಿ. ಕೊಳ್ಳುವಾಗ ತಾಳಿಕೆ ನೋಡಿ: ಸದಾ 100 ಆಂಪಿಯರ್, ಕೆಲವು ಸೆಕೆಂಡುಗಳ ಮಟ್ಟಿಗೆ 500 ಆಂಪಿಯರ್ ಎಂದಿದ್ದರೆ ಪೆಟ್ರೋಲ್ ಕಾರಿಗೆ ಧಾರಾಳ. ವಾರಂಟಿ ಮುಗಿಯದ ಮನೆಯ ಕಾರಿಗೆ ಶೋಕಿಗೆ ಇದನ್ನು ಹಾಕಿಸಬೇಡಿ.

ಜೋಡಿಸಿ ಮುಗಿದ ಮೇಲೆ ಪರೀಕ್ಷೆ. ಎಂಜಿನ್ ಹಚ್ಚಿ, ಹೆಡ್‌ಲೈಟ್, ಫ್ಯಾನ್ ಎಲ್ಲಾ ಹಾಕಿ. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂ ಸುಮಾರಿಗೆ ಹಿಡಿದುಕೊಂಡಾಗ ಸ್ವಿಚ್ಚು ತಿರುಗಿಸಿ. ಎಂಜಿನ್ ತಕ್ಷಣ ಸಾಯಬೇಕು. ಬರೀ ಐಡಲಿನಲ್ಲಿ ನೋಡಿದರೆ ಸಾಲದು, ಅಲ್ಲಿ ಸತ್ತದ್ದು ವೇಗದಲ್ಲಿ ಬದುಕಿಕೊಳ್ಳುವುದುಂಟು. ಆಮೇಲೆ ಮಲ್ಟಿಮೀಟರ್ ಹಿಡಿದು ಸೆಲ್ಫ್ ಮೋಟರಿನ ದಪ್ಪ ಬೋಲ್ಟಿನಲ್ಲಿ ಸೊನ್ನೆ ವೋಲ್ಟ್ ಇದೆಯೇ ನೋಡಿ. ಒಂದೈದು ನಿಮಿಷ ಬಿಟ್ಟು ರೆಸಿಸ್ಟರಿನ ಹತ್ತಿರ ಕೈ ಒಯ್ಯಿರಿ. ತಣ್ಣಗಿರಬೇಕು. ಬಿಸಿಯಿದ್ದರೆ ನನ್ನ ತಪ್ಪನ್ನೇ ನೀವೂ ಮಾಡಿದ್ದೀರಿ. ರ‍್ಯಾಲಿಯ ಮುನ್ನಾದಿನ ಸ್ಕ್ರೂಟಿನಿಯರ್, ಅಂದರೆ ಕಾರು ತಪಾಸಣೆ ಮಾಡುವ ಅಧಿಕಾರಿ, ಎಂಜಿನ್ ಓಡಿಸಿಯೇ ಇದನ್ನು ನೋಡುತ್ತಾರೆ.

ಕೊನೆಯದೊಂದು ಪರೀಕ್ಷೆ ಯಾವ ನಿಯಮದಲ್ಲೂ ಇಲ್ಲ, ನಾವೇ ಮಾಡಿಕೊಂಡದ್ದು. ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗನನ್ನು ಕರೆದು, ಎಂಜಿನ್ ಓಡುತ್ತಿದ್ದ ಎಸ್ಟೀಮಿನ ಮುಂದೆ ನಿಲ್ಲಿಸಿ, "ಬಾಗಿಲು ತೆಗೀದೆ ಹೊರಗಿಂದಲೇ ಇದನ್ನು ಆಫ್ ಮಾಡು ನೋಡೋಣ" ಎಂದೆವು. ಓಡಿ ಹೋದವನು ಮೊದಲು ಎಳೆದದ್ದು ಬಾನೆಟ್ ಲಾಕಿನ ಪಿನ್ನನ್ನು. ಆಮೇಲೆ ಟೋಯಿಂಗ್ ಹುಕ್ಕನ್ನು. ನೀಲಿ ತ್ರಿಕೋನದ ಅರ್ಧ ಭಾಗ ವೈಪರ್ ಕೆಳಗೆ ಸೇರಿಹೋಗಿತ್ತು. ಸ್ಟಿಕ್ಕರ್ ಕಿತ್ತು ಒಂದು ಗೇಣು ಪಕ್ಕಕ್ಕೆ ಅಂಟಿಸಿ, ಆ ಕಡೆಯ ಬೀದಿಯಿಂದ ಇನ್ನೊಬ್ಬ ಹುಡುಗನನ್ನು ಕರೆಸಿದೆವು.